ಸಹಿಯ ಕೆಳಗಿನ ಚುಕ್ಕಿ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಈ ವಯಸ್ಸಿನಲ್ಲೂ ಊಟದ ನಡುವೆ ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಬೈದು ಬೈದು ಮನೆಯವಳಿಗೆ ಸಾಕಾಗಿದೆ. ಅರ್ಧ ಹುಟ್ಟುಗುಣ, ಇನ್ನರ್ಧ ಮಲೇರಿಯಾ ಇಲಾಖೆ ಕೊಟ್ಟ ಬಳುವಳಿ. ಎಪ್ಪತ್ತರ ದಶಕದಲ್ಲಿ, ಹೋಯಿತು ಎಂದುಕೊಂಡಿದ್ದ ಮಲೇರಿಯಾ ಮತ್ತೆ ತಲೆ ಎತ್ತಿದ ವರ್ಷಗಳಲ್ಲಿ, ಮನೆಮನೆಗೆ ಹೋಗಿ ಜ್ವರ ವಿಚಾರಿಸುವುದು ನನ್ನ ನೌಕರಿಯಾಗಿತ್ತು. ಮೊದಲು ತಿಕೋಟಾ, ಆಮೇಲೆ ಬಬಲೇಶ್ವರ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೂ ಹೋಗಬೇಕು. ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ಪೆಡಲಿನ ಮೇಲಿಟ್ಟು, ಇನ್ನೊಂದನ್ನು ಕಟ್ಟೆಗೆ ಊರಿ ನಾನು ಕೇಳುತ್ತಿದ್ದುದು ಎರಡೇ ಮಾತು.

"ಮನ್ಯಾಗ ಯಾರಿಗರ ಜ್ವರ ಬಂದಾವೇನ್ರಿ? ಪರ ಊರಿಂದ ಯಾರರ ಬಂದಾರೇನ್ರಿ?"

ಹೌದೆಂದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡು, ಕೈಗೆ ಕಹಿ ಗುಳಿಗೆ ಕೊಡುವುದು. ಇಲ್ಲವೆಂದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ಇಲಾಖೆಯವರು ಅಚ್ಚು ಹೊಡೆದ ಚೌಕದೊಳಗೆ ಪೆನ್ಸಿಲ್ಲಿನಿಂದ ತಾರೀಖು, ಸಹಿ. ಆಮೇಲೆ ಮುಂದಿನ ಮನೆ. ಒಳಗಿನಿಂದ "ಬರ್ರಿ, ಚಾ ಕುಡೀರಿ" ಎನ್ನುವುದು ಕೇಳುವಷ್ಟರಲ್ಲಿ ನಾನು ಎರಡು ಮನೆ ದಾಟಿರುತ್ತಿದ್ದೆ. ಅದು ನನ್ನ ಹೆಮ್ಮೆಯಾಗಿತ್ತು. ಮೇಲಿನವರು ಬಂದು ಗೋಡೆಗಳನ್ನು ನೋಡಿ, ಇವನಷ್ಟು ಚುರುಕು ಯಾರೂ ಇಲ್ಲ ಎಂದು ಹೊಗಳಿ ಹೋಗುತ್ತಿದ್ದರು.

ಇಷ್ಟೆಲ್ಲ ಊರವರ ಆರೋಗ್ಯ ವಿಚಾರಿಸಿದ ನಾನು, ನಮ್ಮ ಅಣ್ಣ ಬದುಕುತ್ತಾನೋ ಇಲ್ಲವೋ ಎಂಬ ಹೆದರಿಕೆಯನ್ನು ಎದೆಯಲ್ಲಿಟ್ಟುಕೊಂಡು ಸುಮಾರು ಒಂದು ವರ್ಷ ತಿರುಗಿದೆ. ಅದನ್ನೇ ಬರೆಯಲು ಕುಳಿತಿದ್ದೇನೆ, ಕೂರಲು ಆಗುವಷ್ಟು ಹೊತ್ತು.

ಅಣ್ಣ ಸ್ಟೇಷನ್ ರಸ್ತೆಯಲ್ಲಿ ಟೇಲರ್. ಆಗಿನ ವಿಜಾಪುರದಲ್ಲಿ ಮದುವೆಯ ಕೋಟು ಹೊಲಿಸುವವರು ಅವನ ಹತ್ತಿರ ಬರುತ್ತಿದ್ದರು. ಬಸ್ಸಿನಿಂದ ಬಿದ್ದು ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಕೈ ಕೂಡಲಿಲ್ಲ. ಕತ್ತರಿ ಹಿಡಿದರೆ ಬೆರಳು ನಡುಗುತ್ತಿದ್ದವು, ಹಿಡಿಯದಿದ್ದರೂ ನೋಯುತ್ತಿದ್ದವು. ಅದೇ ವರ್ಷ ಅವನ ಒಬ್ಬಳೇ ಮಗಳು ಕಾಮಾಲೆಯಿಂದ ತೀರಿಕೊಂಡಳು. ಅಂಗಡಿ ಬಿಟ್ಟ. ಅದೇ ಊರಿನ ಇಬ್ರಾಹಿಂಪುರದಲ್ಲಿದ್ದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ. ನಾನು ವಾರವೆಲ್ಲ ತಿಕೋಟಾದಲ್ಲಿ ಒಂದು ಖೋಲಿಯಲ್ಲಿದ್ದು, ಶನಿವಾರ ರಕ್ತದ ಪಟ್ಟಿಗಳನ್ನು ವಿಜಾಪುರದ ಆಫೀಸಿಗೆ ಒಪ್ಪಿಸಿ ಮನೆಗೆ ಬರುತ್ತಿದ್ದೆ. ಬಂದಾಗಲೆಲ್ಲ ಅವನು ಅದೇ ಕಟ್ಟೆಯ ಮೇಲೆ, ಅದೇ ಮೂಲೆಯಲ್ಲಿ ಕುಳಿತಿರುತ್ತಿದ್ದ. ಅವನಷ್ಟು ಸುಮ್ಮನೆ ಕೂತವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. "ಊಟ ಆತೇನು?" ಎಂದು ಕೇಳಿ ಒಳಗೆ ಹೋಗಿಬಿಡುತ್ತಿದ್ದೆ. ನಮ್ಮ ಸೋದರಮಾವನೊಬ್ಬ ಹಿಂದೆ ತನ್ನ ಜೀವ ತಾನೇ ಕಳೆದುಕೊಂಡಿದ್ದ. ಮನೆಯಲ್ಲಿ ಅವನ ಮಾತು ಎತ್ತುವಂತಿರಲಿಲ್ಲ. ಎತ್ತದಿದ್ದರೂ ಆ ವಿಷಯ ನಮ್ಮಿಬ್ಬರ ನಡುವೆ ಇದ್ದೇ ಇತ್ತು.

ತಿಕೋಟಾದಲ್ಲಿ ಒಬ್ಬ ಮುದುಕಿ ಇದ್ದಳು. ಒಂದು ಸಲ ಆಕೆಯ ಬಾಗಿಲಲ್ಲಿ ನಿಂತು ಜ್ವರ ಕೇಳಿದೆ.

"ಜ್ವರ ಇಲ್ಲಪ್ಪಾ. ಮಗಗ ಹೊಟ್ಟಿಬ್ಯಾನಿ ಇತ್ತು. ಹೋಗಿಬಿಟ್ಟ" ಎಂದಳು.

"ಹೊಟ್ಟಿಬ್ಯಾನಿ ನಮ್ಮದರಾಗ ಬರೂದಿಲ್ಲಬೇ" ಎಂದು ನಾನು ಸಹಿ ಹಾಕಿ ಹೋದೆ.

ಈಗ ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಎನಿಸುತ್ತದೆ. ಆ ಹೊಟ್ಟೆಬೇನೆ ಎಂದರೆ ಏನೆಂದು ಪಕ್ಕದ ಮನೆಯವರು ಆಮೇಲೆ ಮೆಲ್ಲಗೆ ಹೇಳಿದರು. ಆಗ, ಜೀವ ಕಳೆದುಕೊಳ್ಳಲು ಹೋಗಿ ಬದುಕಿದವರ ಮೇಲೂ ಕೇಸು ಆಗುತ್ತಿತ್ತು. ಸತ್ತರೆ ಪಂಚನಾಮೆ, ಪೊಲೀಸರು, ಊರವರ ಬಾಯಿ. ಇದನ್ನೆಲ್ಲ ಮುಚ್ಚಲು ಎಲ್ಲರ ಹತ್ತಿರ ಇದ್ದ ಒಂದೇ ಮಾತು ಹೊಟ್ಟೆಬೇನೆ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು, ಬರೆದುಕೊಳ್ಳುವ ಪೊಲೀಸರಿಗೂ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ ಇದ್ದೆ, ಅಷ್ಟೊಂದು ಚುರುಕಿನವನು.

ಹದಿನೈದು ದಿನ ಬಿಟ್ಟು ಹೋದಾಗ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಆಕೆಯ ಕಟ್ಟೆಯ ಮೇಲೆ ಕುಳಿತೆ. ಕೇಳದೆಯೇ ಮಾತು ಬಂತು. ಮಗ ಮೂವತ್ತೈದರವನು. ಆರು ತಿಂಗಳು ಯಾರ ಜೊತೆಗೂ ಮಾತಿಲ್ಲ. ಒಂದು ದಿನ ಎದ್ದವನೇ ಮನೆಮನೆಗೆ ಹೋಗಿ ಇಸಿದುಕೊಂಡಿದ್ದ ಕುಡುಗೋಲು, ಹಗ್ಗ, ಜರಡಿ ಎಲ್ಲವನ್ನೂ ಹಿಂದಿರುಗಿಸಿದ. ತನ್ನ ಎತ್ತಿನ ಗೆಜ್ಜೆಸರವನ್ನು ಗೆಳೆಯನಿಗೆ ಕೊಟ್ಟ. ಎಲ್ಲರ ಜೊತೆ ನಗುತ್ತಾ ಮಾತಾಡಿದ.

"ಚಲೋ ಆದ ನನ್ನ ಮಗ ಅಂತ ಓಣಿಗೆಲ್ಲ ಸಕ್ಕರಿ ಹಂಚಿದ್ನೆಪ್ಪಾ ನಾ" ಎಂದಳು. ನನಗೆ ಏಳಲಾಗಲಿಲ್ಲ. ಆ ದಿನ ಇಪ್ಪತ್ತು ಮನೆ ಉಳಿದವು.

ಏಳುವಾಗ ಗೋಡೆಯ ಚೌಕದೊಳಗೆ ಸಹಿ ಹಾಕಿದೆ, ಅದರ ಕೆಳಗೆ ಪೆನ್ಸಿಲ್ಲಿನಿಂದ ಒಂದು ಸಣ್ಣ ಚುಕ್ಕಿ ಇಟ್ಟೆ. ಸರಕಾರಕ್ಕೆ ಬೇಕಾದದ್ದು ಸಹಿ, ಚುಕ್ಕಿ ನನ್ನದು. ಇಂಥ ಮನೆಯ ಮುಂದೆ ಪೆಡಲಿನ ಮೇಲೆ ಕಾಲಿಟ್ಟು ಮಾತಾಡಬಾರದು, ಸ್ಟ್ಯಾಂಡ್ ಹಾಕಿ ಕೂರಬೇಕು ಎಂದು ನನಗೆ ನಾನೇ ಮಾಡಿಕೊಂಡ ಕಾನೂನು. ನೆನಪಿನಲ್ಲಿ ಇಟ್ಟುಕೊಂಡರೆ ಸಾಲದೇ ಎಂದರೆ, ಸಾಲದು. ಕಾಲು ಸುಮ್ಮನಿರದವನ ತಲೆಯಲ್ಲಿ ಏನು ನಿಲ್ಲುತ್ತದೆ? ಬೇರೆಯವರ ನೋವನ್ನು ಅವರದೇ ಗೋಡೆಯ ಮೇಲೆ ಅವರನ್ನು ಕೇಳದೆ ಬರೆದೆನಲ್ಲ, ಅದು ತಪ್ಪು ಎಂದು ಆಗ ಹೊಳೆಯಲಿಲ್ಲ.

ಚುಕ್ಕಿ ಇಡಲು ಶುರು ಮಾಡಿದ ಮೇಲೆ ನನ್ನ ನೆಮ್ಮದಿ ಹೋಯಿತು. ಒಂದೆರಡು ಮನೆ ಇರಬಹುದು ಎಂದುಕೊಂಡಿದ್ದೆ. ಚುಕ್ಕಿ ಇಲ್ಲದ ಓಣಿಯೇ ಸಿಗಲಿಲ್ಲ. ಒಂದು ಮನೆಯಲ್ಲಿ ಹೋದವರು, ಇನ್ನೆರಡು ಮನೆಯಲ್ಲಿ ಹೋಗಲು ನೋಡಿ ಉಳಿದವರು, ಹೊರಗೆ ತೋರಿಸಿಕೊಳ್ಳದೆ ಬರೀ ಅದನ್ನೇ ಯೋಚಿಸುತ್ತಾ ಕುಳಿತವರು ಎಷ್ಟೋ. ಇದೆಲ್ಲ ಪ್ರಾಯದ ಹುಡುಗ ಹುಡುಗಿಯರ ಹುಚ್ಚಾಟ ಎಂದು ನಾನೂ ಎಲ್ಲರಂತೆ ನಂಬಿದ್ದೆ. ನಾನು ಕಂಡವರು ಸಂಸಾರ ಮಾಡಿದವರು, ಮೀಸೆ ಹಣ್ಣಾದವರು, ಊರ ಜಗಳ ಬಿಡಿಸುವ ಹಿರಿಯರು. ಒಬ್ಬಾಕೆಗೆ ಗಂಡನ ಹೊಡೆತ. ಒಬ್ಬನಿಗೆ ಕುಡಿತ, ಕುಡಿತದ ಹಿಂದೆ ಇನ್ನೇನೋ. ವರ್ಷಗಟ್ಟಲೆ ಬಿಡದ ನೋವು, ಕೈಯಿಂದ ಹೋದ ಕೆಲಸ, ಹೆಂಡತಿ ಸತ್ತ ಮೇಲೆ ಒಬ್ಬನೇ ಬೇಯಿಸಿಕೊಳ್ಳುವ ಗಂಡಸು. ಹಿಂದೊಮ್ಮೆ ಪ್ರಯತ್ನ ಮಾಡಿದವರ ಮನೆಯಲ್ಲಿ ಹೆದರಿಕೆ ಹೆಚ್ಚು, ಬಳಗದಲ್ಲಿ ಯಾರೋ ಮೊದಲೇ ಹಾಗೆ ಹೋಗಿದ್ದರೆ ಇನ್ನೂ ಹೆಚ್ಚು. ಒಂದೇ ಕಾರಣ ಹುಡುಕುವ ಊರವರಿಗೆ ಒಂದೇ ಕಾರಣ ಸಿಗುತ್ತಿತ್ತು. ನಾನು ಕುಳಿತ ಕಟ್ಟೆಗಳಲ್ಲಿ ಮೂರು ನಾಲ್ಕು ಕೂಡಿಯೇ ಇರುತ್ತಿದ್ದವು. ಹೀಗಿದ್ದೂ ಬದುಕಿದವರೇ ಬಹಳ ಮಂದಿ, ಅದನ್ನೂ ಹೇಳಬೇಕು.

ನೋವು, ಹೋದ ಕೆಲಸ, ಸತ್ತ ಮಗಳು, ಸೋದರಮಾವ. ಇದೆಲ್ಲ ಯಾರ ಲೆಕ್ಕ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಸೈಕಲ್ ತುಳಿಯುತ್ತಿದ್ದೆ.

ನನ್ನನ್ನು ಬಬಲೇಶ್ವರಕ್ಕೆ ಹಾಕಿದರು. ಅಲ್ಲಿ ಮಿಲಿಟರಿಯಿಂದ ನಿವೃತ್ತನಾದ ಒಬ್ಬ ಗಟ್ಟಿ ಆಳು. ಹೆಂಡತಿ ಬಾಗಿಲಿಗೆ ಬಂದು, "ಇವರಿಗೆ ಹೊಟ್ಟಿಬ್ಯಾನಿ ಎದ್ದಿತ್ರಿ. ಈಗ ಆರಾಮ ಅದಾರ" ಎಂದಳು. ನಾನು ಸ್ಟ್ಯಾಂಡ್ ಹಾಕಿದೆ. ಮೂರನೆಯ ಭೇಟಿಯಲ್ಲಿ ಅವನು ತಾನೇ ಚಾ ತಂದುಕೊಟ್ಟ. ಧೈರ್ಯ ಮಾಡಿ ಕೇಳಿದೆ, "ಆಗ ಯಾರಿಗರ ಹೇಳಬೇಕಂತ ಅನ್ಸಲಿಲ್ಲೇನ್ರಿ?"

"ಕೇಳಿದ್ರ ಹೇಳ್ತಿದ್ನಿ. ಎಲ್ಲಾರೂ ಬರ್ತಿದ್ರು, ಊಟ ಆತೇನು ಅಂತಿದ್ರು. ಆತು ಅಂತಿದ್ನಿ" ಎಂದ.

"ಕೇಳಿದ್ರ, ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಆಗ್ತಿರಲಿಲ್ಲೇನು?"

ಅವನು ನಕ್ಕುಬಿಟ್ಟ. "ಹಾಕಾಕ ಜಾಗಾ ಎಲ್ಲಿತ್ತು? ತಲಿ ತುಂಬ ಅದ ಇತ್ತು. ಕೇಳಿದ್ರ ಒಂದೀಟು ಹೊರಗ ಬರ್ತಿತ್ತು."

ಆ ಶನಿವಾರ ಮನೆಗೆ ಹೋದೆ. ಗೋಡೆಯ ಗೂಟದಲ್ಲಿ ಯಾವಾಗಲೂ ತೂಗುತ್ತಿದ್ದ ಅಣ್ಣನ ದೊಡ್ಡ ಕತ್ತರಿ ಇರಲಿಲ್ಲ. ತನ್ನ ಕೈಕೆಳಗೆ ಕಲಿತು ಈಗ ಸ್ಟೇಷನ್ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟವನಿಗೆ ಕೊಟ್ಟುಬಿಟ್ಟಿದ್ದ. ಅಳತೆಯ ಪಟ್ಟಿ, ಇಸ್ತ್ರಿಪೆಟ್ಟಿಗೆಯೂ ಹೋಗಿದ್ದವು. "ನಡಗೂ ಕೈಗೆ ಕತ್ತರಿ ಯಾಕ?" ಎಂದು ನಕ್ಕ. ಅಣ್ಣನ ಹೆಂಡತಿ, ನಮ್ಮ ವೈನಿಗೆ ಖುಷಿಯೋ ಖುಷಿ. "ಭಾಳ ದಿನದ ಮ್ಯಾಲೆ ನಿಮ್ಮ ಅಣ್ಣಾರು ನಕ್ಕಾರ" ಎಂದು ಸಿಹಿ ಶಿರಾ ಮಾಡಿದ್ದಳು. ಮೊದಲ ತುತ್ತು ಬಾಯಿಗಿಟ್ಟೆ. ತಿಕೋಟಾದ ಮುದುಕಿ ಹಂಚಿದ ಸಕ್ಕರೆ ನೆನಪಾಯಿತು. ಎದ್ದು ಬಾಗಿಲವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಊಟದ ನಡುವೆ ಏಳುವ ಚಟ ಶುರುವಾದದ್ದು ಅವತ್ತಿನಿಂದ.

ಕೇಳಿದೆನೇ? ಇಲ್ಲ. "ಇನ್ನಷ್ಟು ಹಾಕಲೇನು?" ಎಂದು ಅವನೇ ಕೇಳಿದ. ಸಾಕು ಎಂದೆ. ಅಪರಿಚಿತನ ಕಟ್ಟೆಯ ಮೇಲೆ ಬಂದ ಧೈರ್ಯ ಸ್ವಂತ ಅಣ್ಣನ ಮುಂದೆ ಬರಲಿಲ್ಲ. ಬಬಲೇಶ್ವರದವನ ಮಾತು ಕಿವಿಯಲ್ಲೇ ಇತ್ತು, ಆದರೂ ಕೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎನಿಸಿತು. ವೈನಿಗೆ ಮಾತ್ರ, ಅಣ್ಣನನ್ನು ಒಬ್ಬನೇ ಬಿಡಬೇಡ ಎಂದು ಹೇಳಿ ಸೋಮವಾರ ಸೈಕಲ್ಲನ್ನು ಬಸ್ಸಿನ ಮೇಲೇರಿಸಿ ಬಬಲೇಶ್ವರಕ್ಕೆ ಹೊರಟೆ. ಹದಿನೈದು ದಿನ ಹುಚ್ಚನಂತೆ ತಿರುಗಿದೆ. ಸೈಕಲ್ ಮೇಲೆ ಯಾರಾದರೂ ಅವಸರದಲ್ಲಿ ಎದುರು ಬಂದರೆ ನನಗೇ ಸುದ್ದಿ ತಂದರು ಎಂದು ಬ್ರೇಕು ಹಿಡಿದು ನಿಲ್ಲುತ್ತಿದ್ದೆ. ನಡುವಿನ ಶನಿವಾರ ಮನೆಗೆ ಹೋದವನು ಅರ್ಧ ಗಂಟೆಯೂ ನಿಲ್ಲಲಿಲ್ಲ.

ಇಬ್ರಾಹಿಂಪುರದ ಮನೆಗಳು ನಮ್ಮದೇ ಇಲಾಖೆಯ ಇನ್ನೊಬ್ಬರ ಪಾಲಿಗೆ ಬಂದಿದ್ದವು. ನಿವೃತ್ತಿಗೆ ಹತ್ತಿರವಾಗಿದ್ದ, ಊರಿನ ಹಳೆಯ ಮುಸಲ್ಮಾನ ಮನೆತನದ ಹಿರಿಯರು. ಆಫೀಸಿನಲ್ಲಿ ಎಲ್ಲರಿಗೂ ಅವರು ಚಾಚಾ. ಚುಕ್ಕಿಯ ವಿಷಯ ನಾನು ಹೇಳಿದ್ದು ಅವರೊಬ್ಬರಿಗೇ. "ಸರಕಾರದ ಗೋಡಿ ಮ್ಯಾಲ ನಿನ್ನ ಖಾಸಗಿ ದಂಧೆ ಏನು ಬೇಟಾ?" ಎಂದು ನಕ್ಕಿದ್ದರು.

ಹದಿನೈದು ದಿನದ ಮೇಲಿನ ಶನಿವಾರ ಆಫೀಸಿಗೆ ಹೋಗದೆ ನೇರ ಮನೆಗೆ ಬಂದೆ. ಬಾಗಿಲ ಪಕ್ಕದ ಚೌಕದಲ್ಲಿ ಚಾಚಾ ಅವರ ಸಹಿ ಇತ್ತು. ಅದರ ಕೆಳಗೆ ಒಂದು ಚುಕ್ಕಿ.

ಮೈಯೆಲ್ಲ ಉರಿಯಿತು. ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿದೆ. ಪೆನ್ಸಿಲ್ಲಿನ ಜೊತೆ ಸುಣ್ಣವೂ ಕಿತ್ತು ಬಂತು. ಅಣ್ಣ ಕಟ್ಟೆಯ ಮೂಲೆಯಲ್ಲಿ ಕುಳಿತು ನೋಡುತ್ತಿದ್ದ. ಅವನಿಗೆ ಒಂದು ಮಾತೂ ಆಡದೆ ಸೈಕಲ್ ತಿರುಗಿಸಿ ಆಫೀಸಿಗೆ ಹೋದೆ. ಚಾಚಾ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದರು.

"ನಮ್ಮ ಮನಿ ಗೋಡಿಗೆ ಚುಕ್ಕಿ ಇಡಾಕ ನಿಮಗ ಯಾರು ಹೇಳಿದ್ರು?" ಎಂದು ಕೂಗಿದೆ. ಇಡೀ ಆಫೀಸು ತಲೆ ಎತ್ತಿತು.

ಚಾಚಾ ಕೈಯಲ್ಲಿದ್ದ ಪಟ್ಟಿಯನ್ನು ಸುತ್ತಿ ಮುಗಿಸಿದರು. "ನಿಮ್ಮ ವೈನಿ ಹೇಳಿದಳು. ನಾ ಕೇಳಿದೆ, ಆಕಿ ಹೇಳಿದಳು. ನಿಮ್ಮ ಅಣ್ಣನೂ ನನ್ನ ಜೋಡಿ ಮಾತಾಡ್ಯಾನ. ನೀ ಎಂದರ ಕೇಳೀಯೇನು?"

ಚಾಚಾ ಇನ್ನೊಂದು ಪಟ್ಟಿಯನ್ನು ಕೈಗೆತ್ತಿಕೊಂಡರು.

"ತಿಕೋಟಾದವ್ರನ್ನ ಕೇಳೀದಿ, ಬಬಲೇಶ್ವರದವ್ರನ್ನ ಕೇಳೀದಿ. ಹೋಗು ಬೇಟಾ, ಮನಿಗೆ ಹೋಗು."

ಮನೆಗೆ ಹೋಗಲಿಲ್ಲ. ಆಫೀಸಿನಿಂದ ಮನೆಗೆ ಹತ್ತು ನಿಮಿಷದ ದಾರಿ, ನಾನು ಊರ ಹೊರಗಿನ ಭೂತನಾಳದ ಕಡೆ ತುಳಿದೆ. ಕೆರೆಯ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ಸೈಕಲ್ ತಳ್ಳಿಕೊಂಡು ನಡೆದೆ. ಉರಿಬಿಸಿಲು, ಒಂದು ಎಮ್ಮೆಯನ್ನು ಬಿಟ್ಟರೆ ಯಾರೂ ಇಲ್ಲ. ಕೇಳಬೇಕಾದ ಮಾತನ್ನು ಜೋರಾಗಿ ಆಡಿ ನೋಡಿದೆ. ಮೊದಲ ಸಲ ಜಬರಿಸಿದಂತೆ ಕೇಳಿಸಿತು, ಎರಡನೆಯ ಸಲ ಅತ್ತಂತೆ. ನಾನಿಲ್ಲಿ ಎಮ್ಮೆಗೆ ಪ್ರಶ್ನೆ ಕೇಳುತ್ತಾ ನಿಂತಿರುವಾಗ ಅಲ್ಲಿ ಮನೆಯಲ್ಲಿ ಏನಾದರೂ ಆಗಿದ್ದರೆ ಎಂದು ಹೊಳೆದದ್ದೇ ತಡ, ಬಂದ ದಾರಿಯಲ್ಲೇ ಜೀವ ಕೈಯಲ್ಲಿ ಹಿಡಿದು ತುಳಿದೆ. ಚೈನು ಒಮ್ಮೆ ಕಳಚಿತು. ಅದನ್ನು ಏರಿಸಿ, ಕೈಯ ಮಸಿಯನ್ನೂ ಒರೆಸಿಕೊಳ್ಳದೆ ಮತ್ತೆ ತುಳಿದೆ.

ಅಣ್ಣ ಕಟ್ಟೆಯ ಮೇಲೇ ಇದ್ದ. ಮನಸ್ಸಿನಲ್ಲೇ ಕೈ ಮುಗಿದೆ. ಒಂದು ಕಾಲು ಕಟ್ಟೆಗೆ ಊರಿ, ಏದುಸಿರು ಬಿಡುತ್ತಾ ಕೇಳಿಯೇ ಬಿಟ್ಟೆ.

"ಅಣ್ಣಾ, ಜೀವಕ್ಕ ಏನರ ಮಾಡ್ಕೋಬೇಕಂತ ವಿಚಾರ ಬರ್ತಾವೇನು ನಿನಗ?"

ಅವನು ನನ್ನ ಮುಖ ನೋಡಲಿಲ್ಲ. ಪೆಡಲಿನ ಮೇಲಿದ್ದ ಕಾಲನ್ನು ನೋಡಿದ.

"ಚುಕ್ಕಿ ಇದ್ದ ಮನಿ ಮುಂದ ಸೈಕಲ್ಲಿಗೆ ಸ್ಟ್ಯಾಂಡ್ ಹಾಕ್ತೀಯಂತ. ಚಾಚಾ ಹೇಳಿದ. ನನ್ನ ಕೇಳೇ ಇಟ್ಟ ಅಂವ ಚುಕ್ಕಿ. ತಮ್ಮ ನೋಡ್ತಾನ, ಬಂದು ಕೂಡ್ತಾನ ಅಂತ ಕಾಯ್ದೆ" ಎಂದ. ಗೋಡೆಯ ಕಡೆ ಕೈ ತೋರಿಸಿ, "ನೀ ಅದನ್ನ ಅಳಿಸಿ ಹೋದಿ" ಎಂದ.

ಸ್ಟ್ಯಾಂಡ್ ಹಾಕಿದೆ. ಅವನ ಪಕ್ಕ ಕುಳಿತೆ. ಅಳು ಬಂತು, ಅತ್ತೆ. ನಾಚಿಕೆಯಾಗಲಿಲ್ಲ. ಅವನು ಮಗಳ ಮಾತಿನಿಂದ ಶುರು ಮಾಡಿದ. ಕತ್ತರಿ ಯಾಕೆ ಕೊಟ್ಟೆ ಎಂದು ಹೇಳಿದ, ಸೋದರಮಾವ ಎಷ್ಟು ಸಲ ನೆನಪಾಗುತ್ತಾನೆ ಎಂದು ಹೇಳಿದ. ವೈನಿ ಬಂದು ಹೊಸ್ತಿಲಲ್ಲಿ ಕುಳಿತಳು. ಅಷ್ಟು ಹೊತ್ತು ನಾನು ಒಂದೇ ಕಡೆ ಕುಳಿತದ್ದು ಅದೇ ಮೊದಲು.

ಧಾರವಾಡದಲ್ಲಿ ಇಂಥದಕ್ಕೆ ಔಷಧ ಕೊಡುವ ಡಾಕ್ಟರಿದ್ದಾರೆ ಎಂದು ಚಾಚಾ ಗೊತ್ತು ಮಾಡಿಕೊಟ್ಟರು. ಮುಂದೆ ಅದು ತಿಂಗಳು ತಿಂಗಳು ಹೋಗಿಬರುವ ದಾರಿಯಾಯಿತು. ಔಷಧ ಕೂಡಲೇ ಹಿಡಿಯಲಿಲ್ಲ. ಚೆನ್ನಾಗಿದ್ದಾನೆ ಎನ್ನುವಷ್ಟರಲ್ಲಿ ಮತ್ತೆ ಕುಸಿಯುತ್ತಿದ್ದ. ಅಣ್ಣ ಆಮೇಲೂ ಬಹಳ ವರ್ಷ ಬದುಕಿದ, ಬಟ್ಟೆಗೆ ಗುರುತು ಹಾಕಿಕೊಟ್ಟು ಬೇರೆಯವರಿಂದ ಕತ್ತರಿ ಹಾಕಿಸಿದ, ಮುದುಕನಾಗಿ ಸತ್ತ. ಆದರೂ ಓಣಿಯ ತಿರುವಿಗೆ ಬಂದಾಗ ಕಟ್ಟೆಯ ಮೂಲೆ ಕಾಣುವವರೆಗೆ ನಾನು ಪೆಡಲು ಜೋರಾಗಿ ತುಳಿಯುವುದು ಅವನಿರುವವರೆಗೂ ತಪ್ಪಲಿಲ್ಲ.

ಧಾರವಾಡಕ್ಕೆ ಮೊದಲ ಸಲ ಹೊರಟ ಬೆಳಿಗ್ಗೆ, ಎದುರು ಮನೆಯ ಹಿರಿಯ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಓಣಿಯಲ್ಲೆಲ್ಲ ಅವನ ಗತ್ತೇ ಗತ್ತು. "ಇಬ್ಬರೂ ಕೂಡಿ ಎಲ್ಲಿಗೆ ಹೊಂಟೀರಿ?" ಎಂದ.

"ಧಾರವಾಡಕ್ಕ ರೀ. ಅಣ್ಣಗ ಹೊಟ್ಟಿಬ್ಯಾನಿ" ಎಂದೆ. ಇಷ್ಟೆಲ್ಲ ಕಂಡವನು, ಇಷ್ಟೆಲ್ಲ ಕಲಿತವನು, ನನ್ನ ಬಾಯಿಂದ ಬಂದದ್ದು ಅದೇ.

ಅಣ್ಣ ನಿಂತ. "ಹೊಟ್ಟಿಬ್ಯಾನಿ ಅಲ್ಲರಿ. ಸಾಯಬೇಕು ಅಂತ ವಿಚಾರ ಬರ್ತಾವು. ಅದಕ್ಕ ಔಷಧ ಕೊಡೋ ಡಾಕ್ಟರ ಹತ್ರ ಹೊಂಟೇವಿ" ಎಂದ.

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎನಿಸಿತು ನನಗೆ. ಹಿರಿಯ ಬಾಯಲ್ಲಿದ್ದ ನೊರೆಯನ್ನು ಉಗುಳಿದ. ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡ, ಒಮ್ಮೆ ತನ್ನ ಮನೆಯ ಒಳಗೆ ನೋಡಿದ. ಆಮೇಲೆ ಓಣಿ ದಾಟಿ ನಮ್ಮ ಹತ್ತಿರ ಬಂದು, ದನಿ ತಗ್ಗಿಸಿ, "ಡಾಕ್ಟರ ವಿಳಾಸ ಒಂದೀಟು ಬರ್ಕೊಂಡು ಬರ್ರಿ" ಎಂದ.

ಅವನ ಬಾಗಿಲ ಪಕ್ಕದ ಗೋಡೆಯನ್ನು ನೋಡಿದೆ. ಅಲ್ಲಿ ಚುಕ್ಕಿ ಇರಲಿಲ್ಲ.